ಅಗಿಗೆ ನುಸಿ ಬಂದರ ವಿಷದ ಪುಡಿಕಿ ಬ್ಯಾಡ, ನೀರಿನ ಕೈ ತಡೀರಿ

ಹೋದ ವರ್ಷ ಚೌತಿ ಹಬ್ಬದ ಮುಂಜಾನಿ ನಮ್ಮ ಮನಿಯವರು ಚಾದ ಕಪ್ಪ ತುಟಿತನಕ ಒಯ್ದವರು ಹಂಗ ಕೆಳಗಿಟ್ಟರು. "ಚಾದಾಗ ಎಳ್ಳ ಯಾಕ ಹಾಕೀದಿ?" ಅಂದರು. ನೋಡ್ತೀನಿ, ಎರಡು ಕರೇ ನುಸಿ ತೇಲಾಕತ್ತಾವ. ಅವರು ನಕ್ಕರು, ನನಗ ನಗು ಬರಲಿಲ್ಲ. ಆ ನುಸಿ ಎಲ್ಲಿಂದ ಬಂದಾವು ಅನ್ನೂದು ನನಗ ಗೊತ್ತಿತ್ತು. ಪಡಸಾಲಿ ಕಿಡಕಿಯಾಗ ನಾನ ಸಾಲಾಗಿ ಇಟ್ಟ ಅಗಿ ಟ್ರೇದಿಂದ ಬಂದಿದ್ದುವು.

ಈ ಮಾತು ಈಗ ಯಾಕ ಬರೀತೀನಿ ಅಂದರ, ಪಂಚಮಿ ಹತ್ತರ ಬಂತು. ನಮ್ಮ ಬಳಗದಾಗ, ಓಣ್ಯಾಗ ಭಾಳ ಮಂದಿ ಮತ್ತ ಮನ್ಯಾಗ ಅಗಿ ಹಾಕ್ತೀರಿ. ಮತ್ತ ನುಸಿ ಬರ್ತಾವ. ಬಂದ ಕೂಡಲೆ ಯಾರರೆ ಒಬ್ಬರು ಪ್ರೀತಿಯಿಂದ ಹೊಲದಾಗಿನ ಒಂದು ಪುಡಿಕಿ ತಂದು ಕೊಡ್ತಾರ. ಆ ಪುಡಿಕಿ ಮನಿ ಹೊಚ್ಚಲಾ ದಾಟಬಾರದು ಅನ್ನೂದು ನನ್ನ ಮಾತು. ಇದು ಓದಿ ಕಲ್ತದ್ದಲ್ಲ. ಮೈಮ್ಯಾಲ ಬಂದಾಗ ಕಲ್ತದ್ದು.

ಮೊದಲ ಬೀಜದ ಕತಿ ಹೇಳ್ತೀನಿ. ನನ್ನ ತವರು ಬೀಳಗಿ ತಾಲೂಕು. ಆಲಮಟ್ಟಿ ಹಿನ್ನೀರಿಗೆ ಅಪ್ಪನ ಹೊಲ ಹೋತು, ಹಳೇ ಮನಿ ಹೋತು. ಅವ್ವ ಈಗ ಪುನರ್ವಸತಿ ಊರಾಗ ಇರ್ತಾಳ. ಹೊಳಿ ದಂಡಿ ಹೊಲದಾಗ ಬೆಳೀತಿದ್ದ ಮುಳಗಾಯಿ ಬೀಜಾ ಮಾತ್ರ ಅಕಿ ಬಿಟ್ಟಿಲ್ಲ. ಮನಿ ಮುಂದಿನ ಸಣ್ಣ ಜಾಗದಾಗ ವರ್ಷಾ ಎರಡು ಗಿಡ ಬೀಜಕ್ಕಂತ ಬಿಡ್ತಾಳ. ಹಣ್ಣಾಗಿ ಹಳದಿ ತಿರುಗಿದ ಕಾಯಿ ಹಿಚುಕಿ, ಬೀಜ ತೊಳದು, ಬೂದಿ ಹಚ್ಚಿ ಒಣಗಿಸಿ, ಅರಿವ್ಯಾಗ ಕಟ್ಟಿ ಇಡ್ತಾಳ. ಆ ಕಾಯಿ ಎಣಗಾಯಿ ಮಾಡಿದರ ರುಚಿನ ಬ್ಯಾರೆ. ಹೋದ ಪಂಚಮಿಗೆ ನಾ ತವರಿಗೆ ಹೋದಾಗ ಒಂದು ಚಿಟಿಕಿ ಬೀಜ ನನ್ನ ಸೆರಗಿನ ತುದಿಗೆ ಗಂಟು ಹಾಕಿ ಕೊಟ್ಟಳು. "ಈ ಸಲ ನನ್ನ ಗಿಡ ಕೆಟ್ಟು ಹೋದುವು. ಉಳದದ್ದ ಇಷ್ಟ, ಜ್ವಾಕಿ" ಅಂದಳು.

ಜಮಖಂಡಿಗೆ ಬಂದ ಮರುದಿನ ಮೂರು ಟ್ರೇದಾಗ ಬೀಜ ಹಾಕಿದೆ. ಹೊರಗ ಇಡಲಿಲ್ಲ. ಶ್ರಾವಣದ ಜಿಟಿಜಿಟಿ ಮಳಿಗೆ ಸಣ್ಣ ಬೀಜ ಕೊಚ್ಚಿ ಹೋಗ್ತಾವ, ಮಾಳಗಿ ಮ್ಯಾಲ ಇಟ್ಟರ ಮಂಗ್ಯಾನ ಕಾಟ. ಪಡಸಾಲಿ ಕಿಡಕಿಯಾಗ ಇದ್ದರ ಕಣ್ಣ ಮುಂದ ಇರ್ತಾವ ಅಂತ ಒಳಗ ಇಟ್ಟೆ. ಮುಧೋಳ ಕಡೆ ಕೊಟ್ಟ ನನ್ನ ತಂಗಿ ಒಂದು ಚೀಲ ಪ್ರೆಸ್‌ಮಡ್ ಕಳಿಸಿದ್ದಳು. ಸಕ್ಕರಿ ಫ್ಯಾಕ್ಟರಿಯಾಗ ಕಬ್ಬಿನ ಹಾಲು ಸೋಸಿದ ಮ್ಯಾಲ ಉಳಿಯೂ ಕರೀ ಗಸಿ ಅದು. ಪೂರಾ ಕಳತು ಪುಡಿ ಆದ ಮ್ಯಾಲ ಹೊಲಕ್ಕ ಛಲೋ ಗೊಬ್ಬರ. ನಾ ಕಳಿಯೂ ತನಕ ಕಾಯಲಿಲ್ಲ. ಹಸೇದನ್ನ ಕೋಕೋಪಿಟ್ ಜೋಡಿ ಅರ್ಧಕ್ಕರ್ಧ ಕಲಸಿ ತುಂಬಿದೆ. ದಿನಾ ಮುಂಜಾನಿ ಒಂದು ಚರಗಿ ನೀರು. ಅದರ ಮ್ಯಾಲ ಅಕ್ಕಿ ತೊಳದ ನೀರು, ಚಾ ಸೋಸಿದ ಪುಡಿ. ಮಕ್ಕಳಿಗೆ ಉಣ್ಣಿಸಿದಂಗ ಉಣ್ಣಿಸಿದೆ.

ಎಂಟ ದಿನಕ್ಕ ಮೊಳಕಿ ಎದ್ದುವು. ಎಣಿಸಿದೆ, 61 ಅಗಿ. ಅವ್ವಗ ಫೋನ್ ಹಚ್ಚಿ ಹೇಳಿದೆ. ಮೂರನೇ ವಾರಕ್ಕ ಟ್ರೇ ಮುಟ್ಟಿದರ ಒಂದೆರಡು ಕರೇ ಹುಳ ಏಳಾಕ ಹತ್ತಿದುವು. ನಾಲ್ಕನೇ ವಾರಕ್ಕ ಟಿವಿ ಹಚ್ಚಿದರ ಟಿವಿ ಮ್ಯಾಲ, ಮೊಬೈಲ್ ಹಿಡದರ ಮೊಬೈಲ್ ಮ್ಯಾಲ, ದೇವರ ದೀಪದ ಎಣ್ಣ್ಯಾಗ, ಕಡೀಕ ಚಾದಾಗ. ಅಷ್ಟರಾಗ ಅಗಿನೂ ಒಂದೊಂದ ಮಲಗಾಕ ಹತ್ತಿದುವು. ರಾತ್ರಿ ನೆಟ್ಟಗ ನಿಂತದ್ದು ಮುಂಜಾನಿ ಬುಡದಾಗ ನೂಲಿನಂಗ ಸಣ್ಣಾಗಿ ಅಡ್ಡ ಬಿದ್ದಿರ್ತಿತ್ತು. ನೀರು ಸಾಲವಲ್ದು ಅಂತ ತಿಳಕೊಂಡು ನಾ ಇನ್ನೊಂದು ಚರಗಿ ಹಾಕಿದೆ.

ಹಬ್ಬಕ್ಕ ಮಗಳು ಬಂದಿದ್ದಳು, ಜೋಡಿ ಎರಡೂವರಿ ವರ್ಷದ ಮೊಮ್ಮಗ. ತಂಗಿ ಗಂಡ ಕಬ್ಬಿನ ಹೊಲದಿಂದ ಹಂಗ ನಮ್ಮ ಮನಿಗೆ ಬಂದವರು ನುಸಿ ನೋಡಿ, ಮರುದಿನ ಪೇಪರಿನಾಗ ಮಡಚಿದ ಒಂದು ಪುಡಿಕಿ ತಂದರು. ಒಳಗ ಹರಳಿನಂಥಾ ಔಷಧ. "ಒಂದು ಚಿಟಿಕಿ ಉದುರಿಸ್ರಿ ಅಕ್ಕಾರ, ನಾಳಿಗೆ ಒಂದೂ ಇರಂಗಿಲ್ಲ" ಅಂದರು. ಅವರ ಮನಸಿನಾಗ ಕೆಟ್ಟದ್ದಿರಲಿಲ್ಲ. ಹೊಲದಾಗ ದಿನಾ ಕಾಣೂದು, ಮುಟ್ಟೂದು. ಸಂಜಿಗೆ ಹಾಕಿದರಾತು ಅಂತ ನಾ ಅದನ್ನ ಟ್ರೇದ ಬಾಜೂಕ ಇಟ್ಟು ಮೋದಕದ ಕಣಕ ನಾದಾಕ ಹೋದೆ.

ಹತ್ತು ನಿಮಿಷ ಆಗಿರಬೇಕು. ಮಗಳು ಒದರಿದಳು. ಬಂದು ನೋಡಿದರ ಕೂಸು ಕಿಡಕಿ ಕೆಳಗ ಕುಂತೈತಿ, ಪುಡಿಕಿ ಬಿಚ್ಚೇತಿ, ಎರಡೂ ಅಂಗೈ ತುಂಬ ಹರಳು. ಸಕ್ಕರಿ ಅಂತ ತಿಳದಿತ್ತೋ ಏನೋ. ಬಾಯಾಗ ಹಾಕೇತೋ ಇಲ್ಲೋ ಯಾರೂ ನೋಡಿಲ್ಲ. ಸಾಬಾನು ಹಚ್ಚಿ ಕೈ, ಮಾರಿ ತೊಳದು, ಅಂಗಿ ಬದಲಿಸಿ ಗಾಡಿ ಮ್ಯಾಲ ದವಾಖಾನಿಗೆ ಓಡಿದಿವಿ. ಡಾಕ್ಟರು ಮೊದಲ ಕೇಳಿದ್ದು ಒಂದ ಮಾತು: "ಯಾವ ಔಷಧ, ಹೆಸರು ಹೇಳ್ರಿ." ನಾ ಮಡಚಿದ ಪೇಪರ ಬಿಚ್ಚಿ ತೋರಿಸಿದೆ. ಅದರಾಗ ಒಂದು ಅರ್ಧಾ ಜಾಹೀರಾತು ಇತ್ತು, ಔಷಧದ ಹೆಸರಿರಲಿಲ್ಲ. ತಂಗಿ ಗಂಡಗ ಫೋನ್ ಹಚ್ಚಿದರ, ಅದು ಹಳೇ ಚೀಲದಾಗ ಉಳದದ್ದಂತ, ಚೀಟಿ ಹರದು ಹೋಗಿತ್ತಂತ.

ಆ ದಿನ ರಾತ್ರಿತನಕ ಕೂಸಿನ ಕಣ್ಣಿನ ಗೊಂಬಿ ಸಣ್ಣ ಆಗಾಕತ್ತಾವೇನು, ಬಾಯಾಗ ಜೊಲ್ಲು ಹೆಚ್ಚಾತೇನು, ಉಸಿರು ಹೆಂಗೈತಿ ಅಂತ ನೋಡಕೋತ ಕುಂತಿದ್ದಿವಿ. ದೇವರ ದಯಾ, ಏನೂ ಆಗಲಿಲ್ಲ. ಬಾಯಾಗ ಹಾಕಿರಲಿಲ್ಲ. ಡಾಕ್ಟರು ಹೇಳಿದ ಎರಡು ಮಾತು ನೀವೂ ನೆನಪಿಡ್ರಿ. ಇಂಥಾದ್ದು ಆದರ ಮನ್ಯಾಗ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಾಕ ಹೋಗಬಾರದು, ಲಗೂನ ದವಾಖಾನಿಗೆ ಬರಬೇಕು. ಬರುವಾಗ ಔಷಧದ ಡಬ್ಬಿ, ಚೀಲ, ಚೀಟಿ ಏನಿದ್ದರೂ ಜೋಡಿ ತರಬೇಕು.

ಆಮ್ಯಾಲ ನಾ ಒಂದಿಷ್ಟು ಕೇಳಿ ತಿಳಕೊಂಡೆ. ನಮ್ಮ ಕಡೆ ಕಬ್ಬಿಗೆ ವರ್ಷಗಟ್ಟಲೆ ಹಾಕಿದ ಹರಳಿನ ಔಷಧದಾಗ ಫೋರೇಟ್ ಒಂದು. ವಿಶ್ವ ಆರೋಗ್ಯ ಸಂಸ್ಥೆ ಅದನ್ನ ಅತ್ಯಂತ ಅಪಾಯಕಾರಿ ಅನ್ನೂ ವರ್ಗಕ್ಕ ಸೇರಿಸೈತಿ. ಕೇಂದ್ರ ಸರಕಾರ 2018ರ ಆಗಸ್ಟ್‌ನಾಗ ಆದೇಶ ಹೊಂಡಿಸಿ, 2020ರ ಡಿಸೆಂಬರ್ 31ಕ್ಕ ಅದರ ಬಳಕಿ ಪೂರಾ ಬಂದ್ ಮಾಡೇತಿ. ನೊಣ, ತಗಣಿಗೆ ಅಂತ ಮನ್ಯಾಗ ಹೊಡೀತಿದ್ದ ಡೈಕ್ಲೋರ್ವಾಸ್ ಅನ್ನೂದೂ ಅದ ಆದೇಶದಾಗ ಬಂದ್ ಆಗೇತಿ. ನಮ್ಮ ಪುಡಿಕ್ಯಾಗ ಇದ್ದದ್ದು ಅದ ಅಂತ ನಾ ಹೇಳಂಗಿಲ್ಲ. ಏನಿತ್ತು ಅನ್ನೂದು ಯಾರಿಗೂ ಗೊತ್ತಿಲ್ಲ, ನನ್ನ ತಕರಾರು ಅದ ಐತಿ. ಹೆಸರಿಲ್ಲದ ವಿಷ ತಿನ್ನೂ ಉಣ್ಣೂ ಮನ್ಯಾಗ, ಮಕ್ಕಳ ಕೈ ಮುಟ್ಟೂ ಎತ್ತರದಾಗ, ಪೇಪರಿನಾಗ ಕಟ್ಟಿ ಇಟ್ಟವಳು ನಾನು. ಅದೂ ಯಾವುದಕ್ಕ? ಎಳ್ಳಿನಷ್ಟು ದೊಡ್ಡದ, ಕಡಿಯಾಕೂ ಬರದ ಒಂದು ಹುಳಕ್ಕ. ಇಂಥಾ ಕೆಲವು ಹರಳು ಬೇರಿನಿಂದ ಏರಿ ಗಿಡದ ಮೈಯೆಲ್ಲಾ ಸೇರ್ತಾವ ಅನ್ನೂದೂ ಮರೀಬ್ಯಾಡ್ರಿ. ನಾಳೆ ತಿನ್ನೂ ಕಾಯಿಯ ಗಿಡಕ್ಕ ಇವತ್ತು ಅದನ್ನ ಯಾಕ ಉಣ್ಣಿಸಬೇಕು?

ಹಬ್ಬ ಮುಗದ ಮ್ಯಾಲ ಅವ್ವಗ ಫೋನಿನ್ಯಾಗ ಎಲ್ಲಾ ಹೇಳಿದೆ. ಅಕಿ ಬೈಲಿಲ್ಲ. "ನೀರ ಎಷ್ಟ ಹಾಕಾಕತ್ತೀದಿ?" ಅಂತ ಕೇಳಿದಳು. ಹೇಳಿದೆ. "ಹುಳಾ ನೀನ ಸಾಕಾಕತ್ತೀದಿ ಬಿಡು" ಅಂದಳು.

ಖರೆನ. ಆ ನುಸಿ ಏನು ಅಂತ ತಿಳಕೊಂಡ ಮ್ಯಾಲ ಅವ್ವನ ಮಾತು ಅರ್ಥ ಆತು. ಇದು ಕಾಳಿಗೆ ಹತ್ತೂ ನುಸಿ ಅಲ್ಲ. ಬಾಳಿಹಣ್ಣಿನ ಸುತ್ತ ಹಾರೂ ಕೆಂಪು ಕಣ್ಣಿನ ನೊಣನೂ ಅಲ್ಲ. ಹಣ್ಣಿನ ನೊಣ ಹುಳಿ ವಾಸನಿಗೆ ಬರ್ತೈತಿ, ಇದು ಹಸೀ ಮಣ್ಣಿಗೆ ಬರ್ತೈತಿ. ಎರಡು ಮೂರು ಮಿಲಿಮೀಟರ್ ಉದ್ದ, ಕರೇ ಮೈ, ಉದ್ದ ಕಾಲು, ಸಣ್ಣ ಸೊಳ್ಳಿಯಂಗ ಕಾಣ್ತೈತಿ. ಕಡಿಯಂಗಿಲ್ಲ. ದೂರ ಹಾರಂಗಿಲ್ಲ, ಮಣ್ಣಿನ ಮ್ಯಾಲ ಓಡ್ಯಾಡ್ತೈತಿ. ಶಿಲೀಂಧ್ರ, ಅಂದರ ಬೂಜು ತಿಂದು ಬದುಕೂದಕ್ಕ ಇದನ್ನ ಶಿಲೀಂಧ್ರದ ನುಸಿ ಅಂತಾರ. ಅಣಬಿ ಬೆಳಿಯವರಿಗೂ ಇದರದ ಕಾಟ.

ಹಾರೂ ಹುಳದ ಆಯುಷ್ಯ ಒಂದು ವಾರದ ಸುಮಾರು. ಅಷ್ಟರಾಗ ಒಂದು ಹೆಣ್ಣು ಹಸೀ ಮಣ್ಣಾಗ ನೂರರಿಂದ ಇನ್ನೂರು ತತ್ತಿ ಇಡ್ತೈತಿ. ನಾಲ್ಕೈದು ದಿನಕ್ಕ ಮರಿ. ಮರಿ ಅಂದರ ಕಾಜಿನಂಥಾ ಬೆಳ್ಳನ ಹುಳ, ತಲಿ ಮಾತ್ರ ಮಿಂಚೂ ಕರೇದು. ಎರಡು ವಾರ ಮಣ್ಣಿನ ಮ್ಯಾಲಿನ ಎರಡು ಮೂರು ಇಂಚಿನ್ಯಾಗ ತಿಂದು ಬೆಳದು, ನಾಲ್ಕೈದು ದಿನ ಕೋಶದಾಗ ಇದ್ದು, ಆಮ್ಯಾಲ ಹಾರ್ತೈತಿ. ಒಟ್ಟು ಮೂರು ನಾಲ್ಕು ವಾರ. ಬೂಜು, ಕೊಳತ ಎಲಿ, ಅರ್ಧಾ ಕಳತ ಗೊಬ್ಬರ ಅದರ ಊಟ. ಮಂದಿ ಹೆಚ್ಚಾಗಿ ಊಟ ಸಾಲದಿದ್ದರ ಎಳೇ ಬೇರಿಗೆ ಬಾಯಿ ಹಾಕ್ತೈತಿ. ದೊಡ್ಡ ಗಿಡ ಅದನ್ನ ತಾಳಿಕೋತೈತಿ. ನಾಲ್ಕು ಎಲಿ ಅಗಿಗೆ ಆಗಂಗಿಲ್ಲ. ಅದೂ ಅಲ್ಲದ, ಯಾವಾಗಲೂ ಹಸೀ ಇದ್ದ ಮಣ್ಣಾಗ ಬುಡಕೊಳಿ ರೋಗದ ಬೂಜು ತಾನ ಬರ್ತೈತಿ, ನುಸಿ ಅದನ್ನ ಒಂದು ಟ್ರೇದಿಂದ ಇನ್ನೊಂದು ಟ್ರೇಕ್ಕ ಹೊತ್ತು ಒಯ್ತೈತಿ.

ಈಗ ನಾ ಮಾಡಿದ್ದನ್ನ ಮತ್ತೊಮ್ಮೆ ನೋಡ್ರಿ. ಹಸೇ ಪ್ರೆಸ್‌ಮಡ್, ಚಾಪುಡಿ, ಅಕ್ಕಿ ತೊಳದ ನೀರು, ದಿನಾ ಚರಗಿ ನೀರು. ಒಂದೂ ಅಗಿ ಕೇಳಿದ್ದಲ್ಲ. ಎಲ್ಲಾ ನುಸಿಯ ಮರಿ ಕೇಳಿದ್ದು. ಮೊಳಕಿಗೆ ಬೀಜದಾಗನ ಬುತ್ತಿ ಇರ್ತೈತಿ, ಮೊದಲ ವಾರ ನಾವು ಉಣ್ಣಿಸೂದು ಏನೂ ಇರಂಗಿಲ್ಲ.

ಅವ್ವ ಹೇಳಿದಂಗ, ಒಂದಿಷ್ಟು ಕೇಳಿ ತಿಳಕೊಂಡಂಗ, ನಾ ಮಾಡಿದ್ದನ್ನ ಸಾಲಾಗಿ ಹೇಳ್ತೀನಿ.

ಮೊದಲ ಮಣ್ಣಾಗ ಮರಿ ಅದಾವೋ ಇಲ್ಲೋ ನೋಡಿದೆ. ಹಸೀ ಬಟಾಟಿಯ ಒಂದು ಬಿಲ್ಲಿ ಕೊರದು ಮಣ್ಣಿನ ಮ್ಯಾಲ ಒತ್ತಿ ಇಟ್ಟೆ. ಎರಡು ದಿನ ಬಿಟ್ಟು ತಿರುವಿ ನೋಡಿದರ ಕೆಳಗ ಹನ್ನೊಂದು ಬಿಳೇ ಹುಳ. ಬಿಲ್ಲಿ ಸಮೇತ ಹೊರಗ ಒಗದು ಹೊಸಾದ್ದು ಇಟ್ಟೆ. ಇದರಿಂದ ಹುಳ ಪೂರಾ ಹೋಗಂಗಿಲ್ಲ. ಕಡಿಮಿ ಆಗಾಕತ್ತಾವೋ ಇಲ್ಲೋ ಅನ್ನೂ ಲೆಕ್ಕ ಸಿಗ್ತೈತಿ.

ಎರಡನೇದು, ಮ್ಯಾಲಿಂದ ನೀರು ಹಾಕೂದು ಬಂದ್. ಮ್ಯಾಲಿನ ಒಂದು ಇಂಚು ಮಣ್ಣು ಪೂರಾ ಒಣಗೂತನಕ ಕಾದೆ. ಬಟ್ಟ ಇಟ್ಟು ನೋಡೂದಕ್ಕಿಂತ ಟ್ರೇ ಎತ್ತಿ ನೋಡೂದು ಛಲೋ. ಹಗರ ಆತಂದರ ನೀರು ಬೇಕು ಅಂತ ಅರ್ಥ. ಆವಾಗ ರೊಟ್ಟಿ ಹಿಟ್ಟಿನ ಪರಾತದಾಗ ಒಂದು ಬಟ್ಟಿನಷ್ಟು ನೀರು ಹಾಕಿ, ಅದರಾಗ ಟ್ರೇ ಇಟ್ಟು, ಅರ್ಧಾ ತಾಸು ಬಿಟ್ಟು ತಗದೆ. ಕೆಳಗಿನ ತೂತಿನಿಂದ ಮಣ್ಣು ತನಗ ಬೇಕಾದಷ್ಟ ಕುಡೀತೈತಿ, ಮ್ಯಾಲ ಒಣಾನ ಉಳೀತೈತಿ. ಬೇರು ನೀರಿನ ಹಿಂದ ಕೆಳಗ ಇಳೀತಾವ, ಹುಳಾ ಮ್ಯಾಲ ಒಣಗ್ತಾವ. ಪರಾತದಾಗ ಉಳದ ನೀರು ಚೆಲ್ಲಬೇಕು, ಇಲ್ಲಂದರ ಸೊಳ್ಳಿಗೆ ಮನಿ ಮಾಡಿ ಕೊಟ್ಟಂಗ ಆಕ್ಕತಿ.

ಮೂರನೇದು, ಚಾಪುಡಿ, ಬೂಜು ಹತ್ತಿದ ಮ್ಯಾಲಿನ ಪದರು ಚಮಚದಿಂದ ಕೆರದು ತಗದು, ತೊಳದು ಒಣಗಿಸಿದ ಉಸುಕು ಅರ್ಧಾ ಇಂಚು ಹಾಸಿದೆ. ಉಸುಕು ಲಗೂನ ಒಣಗ್ತೈತಿ, ನುಸಿಗೆ ಅಲ್ಲಿ ತತ್ತಿ ಇಡಾಕ ಸೇರಂಗಿಲ್ಲ.

ನಾಲ್ಕನೇದು, ಹಳದಿ ಪ್ಲಾಸ್ಟಿಕ್ ಡಬ್ಬಿ ಮುಚ್ಚಳಕ್ಕ ಔಡಲೆಣ್ಣಿ ದಪ್ಪಗ ಸವರಿ ಟ್ರೇದ ಬಾಜೂಕ ಮಣ್ಣಿನ ಮಟ್ಟಕ್ಕ ಇಟ್ಟೆ. ಹಳದಿ ಬಣ್ಣಕ್ಕ ಬಂದು ಅಂಟಕೋತಾವ. ಎರಡು ದಿನಕ್ಕೊಮ್ಮೆ ಒರಸಿ ಮತ್ತ ಹಚ್ಚಬೇಕು. ಪ್ಯಾಟ್ಯಾಗ ಅಂಟಿನ ಹಳದಿ ಹಾಳಿ ಸಿಗ್ತಾವ, ಅವೂ ಆದಾವು.

ಐದನೇದು ತಾಳ್ಮಿ. ಇದ ಕಷ್ಟದ್ದು. ಇವತ್ತು ಹಾರೂ ಹುಳ ಸತ್ತರೂ ಮಣ್ಣಾಗ ತತ್ತಿ, ಮರಿ, ಕೋಶ ಇರ್ತಾವ. ಅದಕ್ಕ ಊದಿನಕಡ್ಡಿ, ಕಾಯಿಲ್, ಸೊಳ್ಳಿ ಸ್ಪ್ರೇ ಹೊಡದರ ಎರಡು ದಿನ ಕಡಿಮಿ ಆದಂಗ ಕಂಡು ಮತ್ತ ಬರ್ತಾವ. ಆ ಹೊಗಿ ಕುಡದದ್ದು ನಾವು ಮಾತ್ರ. ಒಂದು ಸಂತತಿ ಪೂರಾ ಮುಗಿಯೂತನಕ, ಮೂರು ನಾಲ್ಕು ವಾರ, ಮಣ್ಣು ಒಣಾ ಇಡಬೇಕು. ಔಷಧನ ಬೇಕು ಅನ್ನವರಿಗೆ ಬಿಟಿಐ ಅನ್ನೂ ಬ್ಯಾಕ್ಟೀರಿಯಾ ಐತಿ. 1976ರಾಗ ಇಸ್ರೇಲ್‌ನ ಮರಳುಗಾಡಿನ್ಯಾಗ ಸಿಕ್ಕದ್ದು. ನೀರಿನ್ಯಾಗ ಕಲಸಿ ಹಾಕಿದರ ಸೊಳ್ಳಿ ಮರಿ, ಈ ನುಸಿ ಮರಿ ಅದನ್ನ ತಿಂದು ಸಾಯ್ತಾವ. ಮಂದಿಗೆ, ದನಕ್ಕ ವಿಷ ಅಲ್ಲ. ಹೆಸರು, ತಾರೀಖು ಬರದ ಸೀಲ್ ಡಬ್ಬಿ ಸಿಕ್ಕರ ತರ್ರಿ. ಸಿಗದಿದ್ದರ ಅದಿಲ್ಲದನೂ ನಡೀತೈತಿ, ನನಗ ನಡೀತು.

ನನ್ನ ತಪ್ಪೂ ಹೇಳಬೇಕು. ಹುಳದ ಸಿಟ್ಟಿಗೆ ಒಂದು ಟ್ರೇ ಅತೀ ಒಣಗಿಸಿ ಎಂಟು ಅಗಿ ಕಳಕೊಂಡೆ. ಒಣಗಿಸೂದು ಅಂದರ ಮ್ಯಾಲಿನ ಮಣ್ಣು, ಬೇರಿನ ಬುಡ ಅಲ್ಲ. ಮತ್ತ ಬೀಜ ಮೊಳಿಯೂ ತನಕ ಈ ಮಾತು ನಡಿಯಂಗಿಲ್ಲ; ಬೀಜಕ್ಕ ತ್ಯಾವ ಬೇಕ ಬೇಕು. ಆವಾಗ ದಿನಾ ನೀರು ಹಾಕೂದಕ್ಕಿಂತ ಒಮ್ಮೆ ತೋಯಿಸಿ ಮ್ಯಾಲ ಒಂದು ತಾಟು ಮುಚ್ಚಿದರ ತ್ಯಾವ ಉಳೀತೈತಿ. ಮೊಳಕಿ ಕಂಡ ದಿನಾನ ತಾಟು ತಗೀಬೇಕು.

ಬನಹಟ್ಟ್ಯಾಗ ನನ್ನ ನಾದಿನಿಗೆ ಇದನ್ನೆಲ್ಲಾ ಹೇಳಿದರ, "ನಾ ಎರಡು ದಿನಕ್ಕೊಮ್ಮೆನ ಹಾಕ್ತೀನಿ ವೈನಿ, ಆದರೂ ಬಂದಾವ" ಅಂದಳು. ಹೋಗಿ ನೋಡಿದರ ಅಕಿ ಅಗಿ ಡಬ್ಬಿ ಇಟ್ಟದ್ದು ಮಗ್ಗದ ಖೋಲ್ಯಾಗ. ನೇಕಾರರ ಮನ್ಯಾಗ ಹುಟ್ಟಿ ಬೆಳದವರಿಗೆ ಗೊತ್ತು, ಹತ್ತಿ ನೂಲು ಒಣಾ ಗಾಳಿಗೆ ಪಟಪಟ ಹರೀತೈತಿ, ಅದಕ್ಕ ಮಗ್ಗದ ಖೋಲಿ ತಂಪ, ತ್ಯಾವ ಇಟ್ಟಿರ್ತಾರ. ನೂಲಿಗೆ ಛಲೋ ಆದದ್ದು ಅಗಿಗೆ ಕೆಟ್ಟ ಆಗಿತ್ತು. ಅಲ್ಲಿ ಎರಡು ದಿನಕ್ಕಲ್ಲ, ಐದು ದಿನಕ್ಕೂ ಮಣ್ಣು ಒಣಗ್ತಿರಲಿಲ್ಲ. ಡಬ್ಬಿ ಹೊರಗಿನ ಕಟ್ಟಿಗೆ, ಗಾಳಿ ಬೆಳಕಿಗೆ ತಂದ ಮ್ಯಾಲ ಕಡಿಮಿ ಆತು. ಅದಕ್ಕ "ಎಷ್ಟು ದಿನಕ್ಕೊಮ್ಮೆ ನೀರು?" ಅಂತ ನನ್ನ ಕೇಳಬ್ಯಾಡ್ರಿ. ನಿಮ್ಮ ಮನಿ, ನಿಮ್ಮ ಕಿಡಕಿ, ನಿಮ್ಮ ಮಣ್ಣು ಹೇಳಬೇಕು.

ಇದರಾಗ ನನಗ ಹೆಚ್ಚು ತಿಳಿಸಿಕೊಟ್ಟದ್ದು ನವರಾತ್ರಿ ಘಟ್ಟ. ನಮ್ಮ ಮನ್ಯಾಗ ವರ್ಷಾ ಘಟ್ಟ ಹಾಕ್ತೀವಿ. ಹೊಲದ ಮಣ್ಣು ತಂದು ಹಾಸಿ, ಗೋದಿ, ಜೋಳ ಚೆಲ್ಲಿ, ನಡು ಘಟ ಇಟ್ಟು, ಒಂಬತ್ತು ದಿನ ದೇವರ ಖೋಲ್ಯಾಗ ದೀಪದ ಮುಂದ ನೀರು ಚಿಮುಕಸ್ತೀವಿ. ಬಾಗಲಾ ಮುಚ್ಚಿದ ಖೋಲಿ, ಹಸೀ ಮಣ್ಣು, ಎಳೇ ಸಸಿ. ಆದರ ನಮ್ಮ ಘಟ್ಟದಾಗ ಎಂದೂ ನುಸಿ ಎದ್ದಿಲ್ಲ. ಅತ್ತಿಯವರು "ಅದು ದೇವಿ ಮಹಿಮಾ" ಅಂತಿದ್ದರು. ಇರಲಿ, ನಾ ಅಲ್ಲ ಅನ್ನಂಗಿಲ್ಲ. ಆದರ ದೇವಿ ಕೆಲಸಾನೂ ಒಂದು ಲೆಕ್ಕದಾಗ ಐತಿ. ಘಟ್ಟಕ್ಕ ಹಾಕೂದು ಹೊಲದ ಮಣ್ಣು, ಹಸೇ ಗೊಬ್ಬರ ಅಲ್ಲ. ಹಾಸೂದು ತೆಳ್ಳಗ. ಹತ್ತನೇ ದಿನಕ್ಕ ಸಸಿ ಕಿತ್ತು ಹೆಣ್ಣಮಕ್ಕಳು ತುರುಬಿಗೆ, ಗಂಡಮಕ್ಕಳು ಟೊಪಗಿಗೆ ಸಿಗಿಸಿಕೊಂಡು, ಮಣ್ಣು ಹೊರಗ ಹಾಕ್ತೀವಿ. ನುಸಿಗೆ ತತ್ತಿಯಿಂದ ಹಾರೂ ತನಕ ಮೂರು ವಾರ ಬೇಕು. ಒಂಬತ್ತು ದಿನದಾಗ ಯಾರರೆ ತತ್ತಿ ಇಟ್ಟರೂ ಹಾರಾಕ ವ್ಯಾಳ್ಯಾ ಸಿಗಂಗಿಲ್ಲ. ಮುಳಗಾಯಿ, ಮೆಣಸಿನ ಅಗಿ ಹಂಗಲ್ಲ. ಐದಾರು ವಾರ ಟ್ರೇದಾಗ ಇರಬೇಕು. ಅಷ್ಟರಾಗ ನುಸಿ ಒಂದು ಸಂಸಾರ ಮುಗಿಸಿ ಎರಡನೇದು ಹೂಡಿರ್ತೈತಿ. ಅದಕ್ಕ ಘಟ್ಟಕ್ಕ ನೀರು ಹಾಕಿದಂಗ ಅಗಿಗೆ ಹಾಕಬಾರದು. ನಮ್ಮ ಕೈಗೆ ರೂಢಿ ಆದದ್ದು ಘಟ್ಟದ ನೀರು.

ಈ ವರ್ಷ ನಾ ಮಣ್ಣಿನಿಂದ ಸುರು ಮಾಡೀನಿ. ಅವ್ವ ಹೊಲ ಇದ್ದಾಗ ಅಗಿ ಮಡಿ ಮಾಡೂಕಿಂತ ಮೊದಲ ಅದರ ಮ್ಯಾಲ ಕಬ್ಬಿನ ರವದಿ, ಕಸ ಹಾಸಿ ಸುಡ್ತಿದ್ದಳು. ನಾವು ಸಣ್ಣವರಿದ್ದಾಗ ಅದು ಕಸ ತಗಿಯೂ ಉಪಾಯ ಅಂತ ತಿಳದಿದ್ದಿವ್ರಿ. ಮಣ್ಣಾಗಿನ ಹುಳ, ತತ್ತಿ, ಬೂಜು ಸುಡಾಕ ಅದು. ಪ್ಯಾಟ್ಯಾಗ ಮಾಳಗಿ ಮ್ಯಾಲ ಬೆಂಕಿ ಹಚ್ಚಾಕ ಆಗಂಗಿಲ್ಲ, ಆದರ ನಮ್ಮ ಜಮಖಂಡಿ ಬಿಸಿಲಿಗೆ ಏನ ಕಡಿಮಿ? ಏಪ್ರಿಲ್, ಮೇ ತಿಂಗಳದಾಗ ಮಣ್ಣು ತ್ಯಾವ ಮಾಡಿ ಹರವಿ, ಮ್ಯಾಲ ಆರಪಾರ ಕಾಣೂ ಪ್ಲಾಸ್ಟಿಕ್ ಹಾಳಿ ಹೊದಿಸಿ, ಅಂಚಿಗೆ ಕಲ್ಲ ಇಟ್ಟು ಐದು ವಾರ ಬಿಟ್ಟೆ. ಒಣಗಿಸಿ ಚೀಲದಾಗ ತುಂಬಿ ಬಾಯಿ ಕಟ್ಟಿ ಜಿನಿ ಕೆಳಗ ಇಟ್ಟೀನಿ. ತಂಗಿ ಕಳಿಸಿದ ಪ್ರೆಸ್‌ಮಡ್ ಒಂದು ವರ್ಷ ಕಳತು ಮಣ್ಣಿನ ವಾಸನಿ ಬಂದೈತಿ. ಅದನ್ನ ಅಗಿಗೆ ಅಲ್ಲ, ಗಿಡ ಬಕೀಟಿಗೆ ಹಚ್ಚುವಾಗ ಹಾಕ್ತೀನಿ. ನೀವು ಬಿಸಿಲಿನ ವ್ಯಾಳ್ಯಾ ತಪ್ಪಿಸಿಕೊಂಡಿದ್ದರ, ಬೀಜ ಹಾಕೂ ಹಿಂದಿನ ದಿನ ಮಣ್ಣಿನ ಮ್ಯಾಲ ಕುದಿಯೂ ನೀರು ಸುರುವಿ, ಬಸದು, ಪೂರಾ ಆರಿದ ಮ್ಯಾಲ ತುಂಬ್ರಿ. ಅಷ್ಟರೆ ಮಾಡ್ರಿ.

ಕೆಲವರು ಕೇಳ್ತೀರಿ, "ಅಕ್ಕಾ, ನರ್ಸರ್‍ಯಾಗ ರೊಕ್ಕಾ ಕೊಟ್ಟರ ಅಗಿ ಸಿಗ್ತಾವ, ಯಾಕ ಇಷ್ಟ ತಾಪತ್ರಯ?" ಸಿಗ್ತಾವ, ತರ್ರಿ, ತಪ್ಪೇನಿಲ್ಲ. ಆದರ ನಮ್ಮ ಅವ್ವಂದಿರ ಅರಿವಿ ಗಂಟಿನಾಗಿನ ಬೀಜ ಅಲ್ಲಿ ಸಿಗಂಗಿಲ್ಲ. ಆ ಬೀಜ ಉಳಸೂದು ನಮ್ಮ ಕಿಡಕಿಯಾಗನ ಆಗಬೇಕು. ರೋಗ, ಹುಳದ ಬಗ್ಗೆ ಕೇಳೂದಿದ್ದರ ನಮ್ಮ ಬಾಗಲಕೋಟಿಯಾಗನ 2008ರಿಂದ ತೋಟಗಾರಿಕಿ ವಿಶ್ವವಿದ್ಯಾಲಯ ಐತಿ. ಕಲ್ತವರು ಅದಾರ, ಕೇಳೋಣು. ಎಣ್ಣಿ ಹೊಡಿಯೂ ಅಂಗಡ್ಯಾಗ ಕೇಳಿದರ ಎಣ್ಣಿನ ಕೊಡ್ತಾರ.

ನಮ್ಮ ಗಂಡಸರಿಗೂ ಒಂದು ಮಾತು ಹೇಳ್ರಿ. ಹೊಲದ ಔಷಧ ಹೊಲದಾಗ, ಅದರ ಡಬ್ಬಿಯೊಳಗ, ಕೀಲಿ ಹಾಕಿದ ಜಾಗದಾಗ ಇರಬೇಕು. ಪೇಪರಿನಾಗ, ಚಾಪುಡಿ ಡಬ್ಬ್ಯಾಗ, ನೀರಿನ ಬಾಟಲಿಯಾಗ ಮನಿಗೆ ಬರಬಾರದು. ತಂಗಿ ಗಂಡಗ ನಾ ಇದನ್ನ ಹೇಳೀನಿ. ಅವರು ಆ ದಿನದಿಂದ ಮೊಮ್ಮಗನ ಮಾರಿ ನೋಡಿದಾಗೊಮ್ಮೆ ಕೈ ಮುಗೀತಾರ. ಹಳೇ ಚೀಲ ಈಗ ಅವರ ಹೊಲದ ಮನ್ಯಾಗೂ ಇಲ್ಲ.

61ರಾಗ ಚೌತಿಗೆ ಉಳದಿದ್ದುವು 38. ದಸರಾಕ್ಕ 27. ಘಟ್ಟ ಹಾಕೂ ಹೊತ್ತಿಗೆ ಬಟಾಟಿ ಬಿಲ್ಲಿ ಕೆಳಗ ಒಂದೂ ಹುಳ ಸಿಗಲಿಲ್ಲ. ಬನ್ನಿ ಕೊಟ್ಟ ಮರುದಿನ ಅಗಿ ಮಾಳಗಿ ಮ್ಯಾಲ ಬಕೀಟಿಗೆ ಹಚ್ಚಿದೆ, ಬಲಿ ಕಟ್ಟಿ ಮಂಗ್ಯಾನಿಂದ ಕಾದೆ. ಸಂಕ್ರಾಂತಿಗೆ ಎಣಗಾಯಿ ಆತು. ಎರಡು ಗಿಡದ ಕಾಯಿ ಕೊಯ್ಯಲಿಲ್ಲ, ಹಣ್ಣಾಗಾಕ ಬಿಟ್ಟೆ. ಯುಗಾದಿಗೆ ತವರಿಗೆ ಹೋದಾಗ ಅವ್ವಗ ಒಂದು ಮುಷ್ಟಿ ಬೀಜ ತಿರುಗಿ ಕೊಟ್ಟೆ. ಅಕಿ ಏನೂ ಅನ್ನಲಿಲ್ಲ. ಬೆಳಕಿಗೆ ಹಿಡದು ನೋಡಿ, ಬೂದಿ ಹಚ್ಚಿ, ಹಳೇ ಅರಿವ್ಯಾಗನ ಕಟ್ಟಿ ಮೊಳಿಗೆ ಸಿಗಿಸಿದಳು.

ನನ್ನ ಕಡೆನೂ ಒಂದಿಷ್ಟು ಬೀಜ ಅದಾವ. ಬೇಕಾದವರು ಪಂಚಮಿ ಉಂಡಿ ತಿನ್ನಾಕ ಬಂದಾಗ ಒಯ್ಯರ್ರಿ. ಬೀಜದ ಜೋಡಿ ನಾ ಹೇಳೂ ಮಾತು ಎರಡ: ನೀರು ಕೆಳಗಿಂದ, ಪುಡಿಕಿ ಹೊರಗ.